ಹಾಲುಹಲ್ಲಿನ ತಂಡ

ನಮ್ಮೂರಿನ ಬಸ್ಸು ಹತ್ತಿದರೆ ಕಂಡಕ್ಟರು ಮೊದಲು ಎಲ್ಲಿಗೆ ಎಂದು ಕೇಳುವುದಿಲ್ಲ, "ಆ ಅನ್ನಿ" ಎನ್ನುತ್ತಾನೆ. ಬಾಯಲ್ಲಿ ಒಂದಾದರೂ ಹಾಲುಹಲ್ಲು ಇದ್ದರೆ ಅರ್ಧ ಟಿಕೆಟ್ಟು, ಇಲ್ಲದಿದ್ದರೆ ಪೂರ್ತಿ. ನಮಗೆ ವರ್ಷ ಎಣಿಸಲು ಬರುವುದಿಲ್ಲ ಎಂದು ತಿಳಿಯಬೇಡಿ. ಬಾವಿಗೆ, ಹುಣಸೆಮರಕ್ಕೆ, ಉಪ್ಪಿನಕಾಯಿ ಜಾಡಿಗೆ ಎಣಿಸುತ್ತೇವೆ. ಮನುಷ್ಯರಿಗೆ ಮಾತ್ರ ಎಣಿಸುವುದಿಲ್ಲ. ಅವರಿಗೆ ಹಲ್ಲಿದೆಯಲ್ಲ. ಇಪ್ಪತ್ತು ಹಾಲುಹಲ್ಲೂ ಇರುವ ಮಗು ಒಂದನೇ ತರಗತಿ, ಎರಡು ಬಿದ್ದರೆ ಎರಡನೆಯದು, ಹೀಗೇ ಏರುತ್ತಾ ಹೋಗಿ ಒಂದೇ ಒಂದು ಉಳಿದಾಗ ಐದನೆಯದು. ಅದೂ ಬಿದ್ದ ದಿನ ಸ್ಲೇಟು ಎತ್ತಿಕೊಂಡು ದೊಡ್ಡ ಶಾಲೆಗೆ ನಡೆಯುವುದು. ಬೀದಿಯಲ್ಲಿ ಅಣ್ಣ, ಅಕ್ಕ ಎನ್ನುವುದಕ್ಕೂ ಇದೇ ಲೆಕ್ಕ. ಯಾರ ಬಾಯಲ್ಲಿ ಹಾಲುಹಲ್ಲು ಕಡಿಮೆಯೋ ಅವರು ದೊಡ್ಡವರು. ಸಮ ಇದ್ದರೆ ಹೆಸರು ಹಿಡಿದು ಕರೆಯಬಹುದು. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತೇವೆ. ಅದು ಟಣ್ ಎಂದು ಸದ್ದು ಮಾಡಿತೋ, ಮಗು ಅಷ್ಟು ದೊಡ್ಡದಾಯಿತು.

ಈ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಊರವರು ನನ್ನನ್ನು ಹಲ್ಲಜ್ಜಿ ಎನ್ನುತ್ತಾರೆ. ನನ್ನ ಬಾಯಲ್ಲಿ ಉಳಿದಿರುವುದೇ ಮೂರು ಹಲ್ಲು, ಅವೂ ಒಂದನ್ನೊಂದು ನೋಡದಷ್ಟು ದೂರ ದೂರ. ಹಿಡಿಕೆಯ ಕನ್ನಡಿ, ಪುಸ್ತಕ ಮತ್ತು ನನ್ನ ತೋರುಬೆರಳು, ಇಷ್ಟೇ ನನ್ನ ಸಲಕರಣೆ. ಇಷ್ಟರಲ್ಲೇ ಒಂದು ಊರಿನ ವಯಸ್ಸನ್ನು ಕಾದಿದ್ದೇನೆ. ನನ್ನ ಮುಂದೆ ಯಾವ ತಾಯಿಯ ಕಣ್ಣೀರೂ ನಡೆದಿಲ್ಲ, ಯಾವ ತಂದೆಯ ಮೀಸೆಯೂ ನಡೆದಿಲ್ಲ. ಬಾಯಿ ಹೇಳಿದ್ದೇ ವಯಸ್ಸು ಎಂದು ಹೇಳಿ ಹೇಳಿ ಅದು ನನ್ನ ಗಾದೆಯೇ ಆಗಿಹೋಗಿತ್ತು. ಆ ಗಾದೆಯ ಮೇಲೆ ನನಗೆ ತುಸು ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಕೆಲಸಕ್ಕೆ ನಿಜವಾದ ಬೆಲೆ ಬರುವುದು ಬಲೆಕೋಲಿನ ಪಂದ್ಯದ ಕಾಲದಲ್ಲಿ. ಉದ್ದ ಕೋಲಿನ ತುದಿಗೆ ಸಣ್ಣ ಬಲೆ, ಆ ಬಲೆಯಲ್ಲಿ ಗಟ್ಟಿ ರಬ್ಬರಿನ ಚೆಂಡು ಹಿಡಿದು ಓಡಬೇಕು, ಬೀಸಬೇಕು, ಎದುರಿನವರ ಗೂಡಿಗೆ ಹೊಡೆಯಬೇಕು. ಹಿಂದೊಮ್ಮೆ ದಾರಿ ತಪ್ಪಿ ಬಂದ ಪರಸ್ಥಳದವನೊಬ್ಬ ಇದನ್ನು ನೋಡಿ ಲಕ್ರಾಸ್ ಎಂದನಂತೆ. ಇರಬಹುದು. ಪಂದ್ಯ ಬೀದಿ ಬೀದಿಗಳ ನಡುವೆ, ಅದರಲ್ಲಿ ಎರಡು ಗುಂಪು. ಹಾಲುಹಲ್ಲು ಇರುವವರದ್ದು ಒಂದು, ಎಲ್ಲ ಬಿದ್ದು ಗಟ್ಟಿಹಲ್ಲು ಬಂದ ಹುಡುಗ ಹುಡುಗಿಯರದ್ದು ಇನ್ನೊಂದು. ಪಂದ್ಯದ ಹಿಂದಿನ ದಿನ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ನಾನು ಬಾಯಿ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಆ ತಿಂಗಳು ಊರು ನೋಡಬೇಕು ನೀವು. ಹಾಲುಹಲ್ಲಿನ ಗುಂಪಿನಲ್ಲಿ ಒಂದೇ ಹಲ್ಲು ಉಳಿದ ಮಗುವೆಂದರೆ ಮನೆಯವರಿಗೆ ಬಂಗಾರ. ಕೈಕಾಲು ಉದ್ದ, ಓಟ ಜೋರು, ಆದರೂ ಚಿಕ್ಕವರ ಜೊತೆ ಆಡಬಹುದು. ಅಂಥ ಮನೆಗಳಲ್ಲಿ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಹಬ್ಬ ಬಂದರೆ ಸ್ವಲ್ಪ ಗಟ್ಟಿ ಗಂಜಿ. ಚಕ್ಕುಲಿ ಕರಿದ ವಾಸನೆ ಬಂದರೆ ಕಿಟಕಿ ಮುಚ್ಚುತ್ತಾರೆ. ಎದುರು ಬೀದಿಯವರಿಗೋ ಎಲ್ಲಿಲ್ಲದ ಪ್ರೀತಿ ಉಕ್ಕಿ, ಕಡಲೆಮಿಠಾಯಿ ಕಟ್ಟಿಕೊಂಡು ಆ ಮಗುವನ್ನು ಮಾತಾಡಿಸಲು ಬರುತ್ತಾರೆ. ಕಬ್ಬು ಮಾರುವವನಂತೂ ಆ ತಿಂಗಳು ಎರಡೂ ಕಡೆಯಿಂದ ಬೈಗುಳ ತಿಂದು ಊರು ಬಿಟ್ಟು ಹೋಗಿಬಿಡುತ್ತಾನೆ.

ಮೇಲಿನ ಬೀದಿಯ ಮರಿಗಂಗಪ್ಪ ಈ ಮಕ್ಕಳೆಲ್ಲರಿಗೂ ಹಿರಿಯ, ದೊಡ್ಡವರೆಲ್ಲರಿಗೂ ಕಿರಿಯ. ಕಸುಬಿನಲ್ಲಿ ದರ್ಜಿ. ಮುಖದ ತುಂಬ ಮೀಸೆ, ತಲೆಯಲ್ಲಿ ನೆರೆ. ಆದರೆ ಎಡಗಡೆ ಕೆಳದವಡೆಯಲ್ಲಿ ಅಕ್ಕಿಕಾಳಿನಂಥ ಒಂದು ಹಾಲುಹಲ್ಲು ಬೀಳದೆ ಉಳಿದುಬಿಟ್ಟಿದೆ. ಊಟವೆಲ್ಲ ಬಲಗಡೆಯೇ. ಹಾಗಾಗಿ ಮೂವತ್ತು ಬೇಸಿಗೆಯಿಂದ ಐದನೇ ತರಗತಿಯಲ್ಲಿದ್ದಾನೆ. ಬೆಳಿಗ್ಗೆ ಶಾಲೆ, ಶಾಲೆ ಬಿಟ್ಟ ಮೇಲೆ ಹೊಲಿಗೆ ಯಂತ್ರ. ಬಸ್ಸಿನಲ್ಲಿ ಅರ್ಧ ಟಿಕೆಟ್ಟು. ಅವನಿಗೆ ಮದುವೆಯಾಗಿದೆ, ಅದಕ್ಕೆ ಅಡ್ಡಿ ಇರಲಿಲ್ಲ. ಆದರೆ ಹೆಂಡತಿ ಹೊನ್ನಾಜಮ್ಮನ ಬಾಯಲ್ಲಿ ಎಲ್ಲ ಗಟ್ಟಿಹಲ್ಲು. ಲೆಕ್ಕದ ಪ್ರಕಾರ ಬೀದಿಯಲ್ಲಿ ಅವಳನ್ನು ಅಕ್ಕ ಎನ್ನಬೇಕು. ಪಾಪ, ಆತ "ಇವ್ರೇ" ಎಂದು ಜಾರಿಕೊಳ್ಳುತ್ತಿದ್ದ. ಯಾರೂ ಹೆಚ್ಚು ಕೆದಕುತ್ತಿರಲಿಲ್ಲ.

ಮೈದಾನದಲ್ಲಿ ಮಾತ್ರ ಅವನು ರಾಜ. ತನ್ನ ಸೊಂಟಕ್ಕೆ ಬರುವ ಮಕ್ಕಳ ನಡುವೆ ಮೀಸೆ ಹುರಿಮಾಡಿಕೊಂಡು ಓಡುತ್ತಿದ್ದರೆ ಮೇಲಿನ ಬೀದಿ ಕೇಕೆ ಹಾಕುತ್ತಿತ್ತು. ಕೆಳಗಿನ ಬೀದಿಯವರು ಪ್ರತಿ ಸಲ ದೂರು ತರುತ್ತಿದ್ದರು. ಪ್ರತಿ ಸಲ ನಾನು ಅವನ ಬಾಯಿಗೆ ಕನ್ನಡಿ ಹಿಡಿದು, ಒಂದು ಎಂದು ಬರೆದು, ಬಾಯಿ ಹೇಳಿದ್ದೇ ವಯಸ್ಸು ಎಂದು ಅವರನ್ನು ಕಳಿಸುತ್ತಿದ್ದೆ. ನಿಯಮವೆಂದರೆ ನಿಯಮ.

ಮೂರು ಪಂದ್ಯಗಳ ಹಿಂದೆ ಅವನ ಮಗಳು ದೇವೀರಿಯ ಬಾಯಲ್ಲೂ ಒಂದೇ ಹಾಲುಹಲ್ಲು ಉಳಿಯಿತು. ಅಪ್ಪನಿಗೂ ಒಂದು, ಮಗಳಿಗೂ ಒಂದು, ಇಬ್ಬರೂ ಸಮವಯಸ್ಕರು. ಶಾಲೆಯಲ್ಲಿ ಒಂದೇ ಬೆಂಚು, ಒಂದೇ ಮಗ್ಗಿ ಪುಸ್ತಕ. ಮೈದಾನದಲ್ಲಿ ಅವಳು "ಗಂಗಾ, ಇತ್ಲಾಗೆ" ಎಂದು ಕೂಗಿದರೆ ಇವನು ಚೆಂಡು ಅವಳ ಬಲೆಗೇ ಬೀಳುವಂತೆ ಬೀಸುತ್ತಿದ್ದ. ಈ ಜೋಡಿಯನ್ನು ಸೋಲಿಸಿದವರಿಲ್ಲ. ನಾಲ್ಕನೇ ಸಲವೂ ಗೆದ್ದರೆ ಬಹುಮಾನದ ಬೆಳ್ಳಿ ಬಲೆಕೋಲು ಮೇಲಿನ ಬೀದಿಗೆ ಕಾಯಂ ಆಗುತ್ತಿತ್ತು.

ಆದರೆ ದೇವೀರಿ ನಿಲ್ಲಲಿಲ್ಲ, ಬೆಳೆದಳು. ಅವಳ ಜೊತೆ ಕುಂಟಾಬಿಲ್ಲೆ ಆಡಿದ ಹುಡುಗಿಯರೆಲ್ಲ ಹಲ್ಲು ಎಸೆದು ದೊಡ್ಡ ಶಾಲೆಗೆ ಹೋದರು. ಅವಳು ಅವರನ್ನೆಲ್ಲ ಅಕ್ಕ ಎನ್ನಬೇಕಾಯಿತು. ಅವರಿಗಿಂತ ಗೇಣುದ್ದ ಎತ್ತರ ಇದ್ದೂ ಹಾಲುಹಲ್ಲಿನ ತಂಡದಲ್ಲಿ ಕೋಳಿಮರಿಗಳ ನಡುವಿನ ಕೊಕ್ಕರೆಯಂತೆ ನಿಲ್ಲುತ್ತಿದ್ದಳು. ಹಲ್ಲು ಅಲ್ಲಾಡಲು ಶುರುವಾಗಿ ಎಂಟು ತಿಂಗಳಾಗಿತ್ತು. ಮರಿಗಂಗಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಅವಳ ನಾಲಿಗೆ ಆ ಕಡೆ ಹೋದರೂ ಅವನಿಗೆ ತಿಳಿಯುತ್ತಿತ್ತು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತಲೆ ಸವರಿ, "ಅವಸರ ಇಲ್ಲ ಕಣವ್ವ, ತಾನಾಗೇ ಬೀಳ್ಲಿ" ಎನ್ನುತ್ತಿದ್ದ. ಎಂಟು ತಿಂಗಳು ಗಂಜಿ ಕುಡಿದ ಹುಡುಗಿ ಅದಕ್ಕೆ ಏನು ತಾನೇ ಹೇಳಿಯಾಳು?

ನಾನು ಒಮ್ಮೆ ಅವನನ್ನು ಕೇಳಿದ್ದುಂಟು. ರವಿಕೆ ಹೊಲಿಸಲು ಹೋಗಿದ್ದೆ. ಬೆಳ್ಳಿಕೋಲಿನ ಆಸೆಗೆ ಮಗಳನ್ನು ಹೀಗೆ ಕಟ್ಟಿಹಾಕಬಹುದೇನೋ ಎಂದೆ. ಅವನು ಯಂತ್ರ ತುಳಿಯುವುದನ್ನು ನಿಲ್ಲಿಸಿದ.

"ಕೋಲು ಯಾರಿಗೆ ಬೇಕು ಅಜ್ಜಿ," ಎಂದ. "ಮೂವತ್ತು ಸಲ ಆ ಬೆಂಚಲ್ಲಿ ನನ್ನ ಪಕ್ಕ ಕೂತೋರು ಎದ್ದು ಹೋಗವ್ರೆ. ಹೋಗ್ತಾ ಒಬ್ರೂ ತಿರುಗಿ ನೋಡ್ಲಿಲ್ಲ. ಇವಳೂ ಹೋದ್ರೆ ಆಮೇಲೆ ನಾನು ಯಾರ ಜೊತೆ ಕೂರ್ಲಿ?"

ನನಗೆ ಅಯ್ಯೋ ಅನ್ನಿಸಿತು. ಆದರೆ ರವಿಕೆಯ ತೋಳು ಸ್ವಲ್ಪ ಸಡಿಲ ಇರಲಿ ಎಂದು ಹೇಳಿ ಬಂದುಬಿಟ್ಟೆ. ಅಯ್ಯೋ ಎನ್ನುವುದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮು ಇಲ್ಲ.

ಹೋದ ಸಲದ ಪಂದ್ಯದಲ್ಲಿ ಒಂದು ಅನಾಹುತ ಆಗಿತ್ತು. ಕೆಳಗಿನ ಬೀದಿಯ ಗೂಡು ಕಾಯುತ್ತಿದ್ದವಳು ನಿಂಗಿ ಎಂಬ ಪುಟಾಣಿ. ಇಪ್ಪತ್ತು ಹಾಲುಹಲ್ಲು, ಒಂದೂ ಅಲ್ಲಾಡದ್ದು. ಮರಿಗಂಗಪ್ಪ ಬೀಸಿದ ಚೆಂಡನ್ನು ದೇವೀರಿ ಹಿಡಿದು ಹೊಡೆದಳು ನೋಡಿ, ಅದು ನಿಂಗಿಯ ಮುಖಕ್ಕೇ ಹೋಯಿತು. ಮುಂದಿನ ಎರಡು ಹಲ್ಲು ಉದುರಿದವು. ಪಂದ್ಯ ಮುಗಿದದ್ದೇ, ಮಗು ಇನ್ನೂ ಅಳುತ್ತಿರುವಾಗಲೇ ನಾನು ಪುಸ್ತಕ ತೆರೆದು ಹದಿನೆಂಟು ಎಂದು ಬರೆದೆ. ಮಾರನೆಯ ದಿನ ಅವಳನ್ನು ಎರಡನೇ ತರಗತಿಗೆ ಹಾಕಿದರು. ಅ, ಆ ಮುಗಿಸದ ಮಗು ಅಲ್ಲಿ ಹೋಗಿ ಒತ್ತಕ್ಷರದ ಮುಂದೆ ಕಕ್ಕಾಬಿಕ್ಕಿಯಾಗಿ ಕೂತಿತು. ಮೊನ್ನೆವರೆಗೆ ಜೊತೆಗೆ ಮಣ್ಣಾಟ ಆಡಿದವರು ಅಕ್ಕಾ ಎಂದು ದೂರ ನಿಂತರು. ಅವಳ ತಾಯಿ ಕೆಂಪರಾಜಮ್ಮ ನನ್ನ ಮನೆ ಬಾಗಿಲಿಗೆ ಬಂದಳು. ಬೊಬ್ಬೆ ಹೊಡೆಯಲಿಲ್ಲ, ಶಾಪ ಹಾಕಲಿಲ್ಲ.

"ನನ್ನ ಮಗಳಿಗೆ ಎರಡು ಹಲ್ಲಿನಷ್ಟು ಚಿಕ್ಕತನ ಇತ್ತಲ್ಲ ಅಜ್ಜಿ," ಎಂದಳು. "ಅದು ಈಗ ಯಾರ ಹತ್ರ ಇದೆ?"

ಹಲ್ಲಿರುವವರು ಆಡಿದರು, ನಿಯಮದಲ್ಲಿ ತಪ್ಪಿಲ್ಲ ಎಂದೆ. ಅವಳು ಸೆರಗು ಹೊದ್ದು ಹೋದಳು. ಬಾಯಿಮಾತಿಗಾದರೂ ಒಳಗೆ ಬಾ, ಕೂರು ಎನ್ನಲಿಲ್ಲ ನಾನು. ಅದು ಇವತ್ತಿಗೂ ನನ್ನನ್ನು ಕಡಿಯುತ್ತದೆ.

ಈ ಸಲದ ಹಲ್ಲುನೋಟದ ದಿನ ಶಾಲೆಯ ಜಗುಲಿಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಮಕ್ಕಳು ಸಾಲಾಗಿ ಬಂದರು. ಒಬ್ಬಳ ಹಲ್ಲಿಗೆ ತಾಯಿ ಮೇಣ ಮೆತ್ತಿ ಕಳಿಸಿದ್ದಳು. ಇನ್ನೊಬ್ಬನ ಬಾಯಲ್ಲಿ ಬಿದ್ದ ಜಾಗಕ್ಕೆ ಕುಂಬಳದ ಬೀಜ ಕೂರಿಸಿದ್ದರು. ಅದನ್ನು ಕಂಡು ನಾನು ನಗಲೂ ಇಲ್ಲ, ಬೀಜ ತೆಗೆದು ತಂದೆಯ ಕೈಗಿಟ್ಟೆ. ಮರಿಗಂಗಪ್ಪ ಬಂದು ಕೂತು ಬಾಯಿ ತೆರೆದ. ಹಲ್ಲು ಗೂಟದ ಹಾಗೆ ನಿಂತಿತ್ತು. ಒಂದು ಎಂದು ಬರೆದೆ.

ಅವನ ಹಿಂದೆಯೇ ದೇವೀರಿ. ಅಪ್ಪ ನಾಲ್ಕು ಹೆಜ್ಜೆ ಆಚೆ ನಿಂತು ನೋಡುತ್ತಿದ್ದ. ನಾನು ಬಗ್ಗಿ ಅವಳ ಬಾಯಿಗೆ ಬೆರಳು ಹಾಕಿದೆ. ಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿತ್ತು, ಉಸಿರು ಬಿಟ್ಟರೆ ಬೀಳುವಂತಿತ್ತು. ನನ್ನ ಬೆರಳು ಬಾಯಲ್ಲಿರುವಾಗಲೇ ಅವಳು ಪಿಸುಗುಟ್ಟಿದಳು.

"ಇನ್ನೂ ಸ್ವಲ್ಪ ಜೋರಾಗಿ ಒತ್ತಿ ಅಜ್ಜಿ. ನಿಮ್ಮ ಕೈಯಿಂದ ಬಿದ್ರೆ ಅಪ್ಪನಿಗೆ ನಾನು ಬಿಟ್ಟುಹೋದೆ ಅಂತ ಅನ್ನಿಸಲ್ಲ."

ಅವಳ ಕಣ್ಣು ನನ್ನ ಕಣ್ಣಲ್ಲೇ ನೆಟ್ಟಿತ್ತು. ಒಂದು ಗುಲಗಂಜಿಯಷ್ಟು ಭಾರ ಹಾಕಿದ್ದರೆ ಸಾಕಿತ್ತು. ನನ್ನ ಬೆರಳು ಒಪ್ಪಲಿಲ್ಲ. ನಾನು ನೋಡುವವಳು, ಬೀಳಿಸುವವಳಲ್ಲ ಎಂದು ಮೆಲ್ಲಗೆ ಹೇಳಿ ಬೆರಳು ತೆಗೆದೆ. ಗಂಟೆ ಹೊಡೆಯಿತು. ಅವಳ ಹೆಸರಿನ ಮುಂದೆಯೂ ಒಂದು ಎಂದು ಬರೆದೆ. ಮರಿಗಂಗಪ್ಪನ ಮುಖ ಅರಳಿತು. ಹುಡುಗಿ ಬಾಯಿ ಮುಚ್ಚಿಕೊಂಡು ಎದ್ದು ಹೋದಳು.

ಮಾರನೆಯ ದಿನ ಕೊನೆಯ ಪಂದ್ಯ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಬಿತ್ತು. ಶಾಲೆಯ ಮುಂದಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಎರಡು ಬೀದಿಯವರೂ ಗೆರೆಗೆ ಆತು ನಿಂತಿದ್ದರು. ಮರಿಗಂಗಪ್ಪ ತಾನೇ ಹೊಲಿದ ಹಳದಿ ಅಂಗಿ ಹಾಕಿದ್ದ, ಮಗಳಿಗೂ ಅದೇ ಬಟ್ಟೆಯದು. ಆಟ ಎಂದಿನಂತೆ ನಡೆಯಿತು. ಅಂದರೆ ಅಪ್ಪ ಮಗಳು ಆಡಿದರು, ಉಳಿದ ಮಕ್ಕಳು ಪಕ್ಕಕ್ಕೆ ಸರಿದರು. ಆದರೂ ಕೆಳಗಿನ ಬೀದಿಯ ಚಿಳ್ಳೆಪಿಳ್ಳೆಗಳು ಅದು ಹೇಗೋ ನಾಲ್ಕು ಗೋಲು ಹೊಡೆದು ಸಮ ಮಾಡಿದ್ದವು. ಕೊನೆಯ ಗಂಟೆಗೆ ಸ್ವಲ್ಪವೇ ಉಳಿದಿತ್ತು.

ಆಗ ಮರಿಗಂಗಪ್ಪ ಮೂರು ಮಕ್ಕಳ ತಲೆಯ ಮೇಲಿಂದ ಚೆಂಡು ಬೀಸಿದ. ದೇವೀರಿ ಹಾರಿ ಬಲೆಯಲ್ಲಿ ಹಿಡಿದಳು. ಎದುರಿಗೆ ಗೂಡು, ಗೂಡಿನಲ್ಲಿ ನಿಂಗಿ ಒಬ್ಬಳೇ. ನಿಂಗಿ ಚೆಂಡು ನೋಡಿದಳು, ದೇವೀರಿಯನ್ನು ನೋಡಿದಳು, ಕೋಲು ಕೆಳಗೆ ಹಾಕಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತಳು. ಗೂಡು ಹಾರು ಹೊಡೆದಿತ್ತು. ಕಾಯಬೇಕಾದ್ದು ಆ ಮಗುವಿಗೆ ಗೂಡಾಗಿರಲಿಲ್ಲ. ಮೇಲಿನ ಬೀದಿಯವರು ಹೊಡಿ ಹೊಡಿ ಎಂದು ಕೂಗುತ್ತಿದ್ದರು. ಕೆಂಪರಾಜಮ್ಮ ಗೆರೆಯಾಚೆ ತಾನೂ ಬಾಯಿ ಮುಚ್ಚಿಕೊಂಡಿದ್ದಳು.

ದೇವೀರಿ ಕೋಲು ಇಳಿಸಿದಳು. ಚೆಂಡು ಬಲೆಯಿಂದ ಉರುಳಿ ಹುಲ್ಲಿಗೆ ಬಿತ್ತು. ಅವಳು ಎರಡು ಬೆರಳು ಬಾಯಿಗೆ ಹಾಕಿ ಒಂದು ಸಲ ತಿರುಚಿದಳು. ಹಲ್ಲು ಬಂತು. ಸಗಣಿ ಹುಡುಕಲು ಹೊತ್ತೆಲ್ಲಿ, ಅದನ್ನು ಹಾಗೇ ಬಲೆಗೆ ಹಾಕಿ, ಮೂರು ಪಂದ್ಯಗಳಲ್ಲಿ ಕಲಿತ ಅಷ್ಟೂ ತೋಳಬಲ ಸೇರಿಸಿ ಶಾಲೆಯ ಮಾಡಿನ ಕಡೆಗೆ ಬೀಸಿದಳು. ಇಡೀ ಬಯಲು ಉಸಿರು ಹಿಡಿದಿತ್ತು. ಹೆಂಚಿನ ಮೇಲೆ ಟಣ್ ಎಂದಿತು. ಅವಳು ಅಂಗಿತೋಳಿನಿಂದ ರಕ್ತ ಒರೆಸಿಕೊಂಡು, ಸುಣ್ಣದ ಗೆರೆ ದಾಟಿ ಆಚೆ ನಿಂತಳು.

ಮರಿಗಂಗಪ್ಪ ನನ್ನ ಸ್ಟೂಲಿನ ಬಳಿಗೆ ಓಡಿ ಬಂದ. ಅವನು ಹೇಳಿದ್ದು ನಿಯಮವೇ. ನಿನ್ನೆ ಗಂಟೆ ಹೊಡೆದಾಗ ಪುಸ್ತಕದಲ್ಲಿ ಒಂದು ಎಂದಿದೆ, ಪುಸ್ತಕಕ್ಕೆ ಬಂದದ್ದು ಪಂದ್ಯ ಮುಗಿಯುವವರೆಗೆ ನಿಲ್ಲುತ್ತದೆ, ಅವಳು ಆಡಬಹುದು, ಆಡು ಎಂದು ಹೇಳಿ ಎಂದ. ಸರಿಯಾಗಿಯೇ ಹೇಳಿದ. ನಾನು ಪುಸ್ತಕ ತೆರೆದೆ. ಒಂದು ಎಂದಿತ್ತು, ನನ್ನ ಕೈಬರಹವೇ. ಅದರ ಮೇಲಿನ ಸಾಲಿನಲ್ಲಿ ಅವನ ಒಂದು. ಹಿಂದಿನ ಹಾಳೆಗಳಲ್ಲಿ ಮೂವತ್ತು ಒಂದುಗಳು. ಇನ್ನೊಂದು ಕಡೆ ನಿಂಗಿಯ ಹದಿನೆಂಟು. ಎಲ್ಲವೂ ನಿಜ, ಒಂದೂ ನ್ಯಾಯವಲ್ಲ. ಹಲ್ಲು ಸುಳ್ಳು ಹೇಳಿರಲಿಲ್ಲ. ನಾನೇ ಹಲ್ಲನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ.

ದೇವೀರಿಯ ಒಂದನ್ನು ಹೊಡೆದುಹಾಕಿ ಸೊನ್ನೆ ಬರೆದೆ. ಪಂದ್ಯ ಮುಗಿಯುವುದರೊಳಗೆ ಪುಸ್ತಕ ತಿದ್ದಿದ್ದು ಅದೇ ಮೊದಲು. ಬಾಯಿ ಹೇಳಿದ್ದೇ ವಯಸ್ಸು ಮರಿಗಂಗಾ, ಅವಳ ಬಾಯಿ ಹೇಳಿಬಿಟ್ಟಿತು ಎಂದೆ.

ಅವನು ಗೆರೆಯ ಕಡೆ ತಿರುಗಿದ. ಆಚೆ ಮಗಳು, ಈಚೆ ಅಪ್ಪ. ಅವಳನ್ನು ಕರೆಯಬೇಕು, ಬೈಯಬೇಕು, ಏನಾದರೂ ಕೇಳಬೇಕು. ಬಾಯಿ ತೆರೆದವನು ಹಾಗೇ ನಿಂತ. ಆಗ ಎಲ್ಲರಿಗೂ ನೆನಪಾಯಿತು. ಅವಳಿಗೆ ಸೊನ್ನೆ, ಇವನಿಗೆ ಒಂದು. ಇನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಹೆಂಡತಿಗಾದರೆ "ಇವ್ರೇ" ಎಂದು ಜಾರಿಕೊಂಡ, ಹೆತ್ತ ಮಗಳಿಗೆ ಹಾಗೆನ್ನಲು ಯಾವ ಗಂಡಸಿಗೆ ನಾಲಿಗೆ ಏಳುತ್ತದೆ? ಬಯಲಿನಲ್ಲಿ ಒಬ್ಬರೂ ನಗಲಿಲ್ಲ. ಹೊನ್ನಾಜಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಅಕ್ಕಾ," ಎಂದ ಮರಿಗಂಗಪ್ಪ. "ಅಕ್ಕಾ, ಹೊರಟುಬಿಟ್ರಾ?"

ಮೂವತ್ತು ಸಲ ಎದ್ದು ಹೋದವರು ಯಾರೂ ಮಾಡದ್ದನ್ನು ದೇವೀರಿ ಮಾಡಿದಳು. ಹೋಗದೆ, ತಿರುಗಿ, ಅವನನ್ನು ನೋಡುತ್ತಾ ಅಲ್ಲೇ ನಿಂತಳು. ಕೊನೆಯ ಗಂಟೆ ಹೊಡೆಯಿತು. ಹುಲ್ಲಿನ ಮೇಲಿದ್ದ ಚೆಂಡನ್ನು ಕೆಳಗಿನ ಬೀದಿಯ ಮಕ್ಕಳು ಆಗಲೇ ಎತ್ತಿಕೊಂಡು ಹೋಗಿ ಎದುರಿನವರ ಯಾರೂ ಕಾಯದ ಗೂಡಿಗೆ ಹಾಕಿ ಕುಣಿಯುತ್ತಿದ್ದವು. ಮೇಲಿನ ಬೀದಿಯ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜನ ಚದುರಿದ ಮೇಲೆ ಮರಿಗಂಗಪ್ಪ ಬಂದು ನನ್ನ ಸ್ಟೂಲಿನ ಎದುರು ಮಕ್ಕಳು ಕೂರುವ ಮಣೆಯ ಮೇಲೆ ಕೂತ. ಆ ಎಂದು ಬಾಯಿ ತೆರೆದ. ಈ ಸಲ ನನ್ನ ಬೆರಳು ಒಪ್ಪಿತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ನನ್ನ ಬೆರಳು ನೋಯಿತೇ ಹೊರತು ಹಲ್ಲು ಮಿಸುಕಲಿಲ್ಲ. ಮೂವತ್ತು ಬೇಸಿಗೆ ಒಂದು ಕಾಳನ್ನೂ ಕಡಿಯದ ಹಲ್ಲು ಅದು. ಅವನ ಕಣ್ಣಲ್ಲಿ ನೀರು ತುಂಬಿತು, ನೋವಿಗಲ್ಲ.

ಅಷ್ಟರಲ್ಲಿ ಕೆಂಪರಾಜಮ್ಮ ನಿಂಗಿಯನ್ನು ಸೊಂಟದಲ್ಲಿ ಎತ್ತಿಕೊಂಡು ಆ ದಾರಿಯಲ್ಲಿ ಬಂದಳು. ಮಡಿಲಲ್ಲಿ ಹುರಿಗಡಲೆ ಇತ್ತು, ಗೆದ್ದ ಮಕ್ಕಳಿಗೆ ಹಂಚಲು ತಂದದ್ದು. ಒಂದು ಹಿಡಿ ತೆಗೆದು ದೇವೀರಿಯ ಕೈಗೆ ಹಾಕಿದಳು. ಎಂಟು ತಿಂಗಳ ಗಂಜಿಯ ಹುಡುಗಿ ಆ ಕಡಲೆಯನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಅವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಟಕಟ ಅಗಿದಳು. ಉಳಿದದ್ದನ್ನು ತಂದು ಅಪ್ಪನ ಅಂಗೈಗೆ ಸುರಿದಳು. ಮಣೆಯ ಮೇಲೆ, ಅವನ ಪಕ್ಕದಲ್ಲಿ, ಇದ್ದ ಇಷ್ಟೇ ಜಾಗದಲ್ಲಿ ಒತ್ತಿಕೊಂಡು ಕೂತಳು. ಆಮೇಲೆ ಅವನ ನೆರೆತ ತಲೆ ಸವರಿದಳು.

"ಅವಸರ ಇಲ್ಲ ಕಣಪ್ಪ," ಎಂದಳು. "ತಾನಾಗೇ ಬೀಳ್ಲಿ."

ಮರಿಗಂಗಪ್ಪ ಒಂದು ಕಾಳು ಆರಿಸಿಕೊಂಡ. ಬಾಯಿಗೆ ಹಾಕಿ, ನಾಲಿಗೆಯಿಂದ ಎಡಗಡೆಗೆ ಸರಿಸಿ, ಕಡಿದ.